ಗುಟುಕಿನ ಲೆಕ್ಕ

ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ
ನಾನು ಬಾಯಾರಿಕೊಂಡೇ ಬೆಳೆದೆ.
ಏಳು ಗಂಟೆಗೆ ಕುಡಿದ ಅರ್ಧ ಲೋಟ ಬೆಲ್ಲದ ಕಾಫಿ
ಹನ್ನೊಂದೂವರೆಗೆ ಬಂದು ಬಾಗಿಲು ತಟ್ಟುತ್ತದೆ.
ಕಾಲು ಲೋಟವಾದರೆ ಒಂದೂವರೆಗೆ.
ಏನೂ ಕುಡಿಯದಿದ್ದರೆ ಲಾಂಗ್‌ಬೆಲ್ಲಿನವರೆಗೂ ತಡೆಯಬಹುದು,
ತಲೆನೋವು ಮಾತ್ರ ಉಚಿತ.
ಅಮ್ಮತ್ತಿ ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ
‘ಸೆವ್ರಿನಾ ಲೆಕ್ಕದಲ್ಲಿ ಚುರುಕು’ ಎಂದು ಬರೆದದ್ದು
ಸುಳ್ಳಲ್ಲ.

ಕಕ್ಕಡ ತಿಂಗಳಲ್ಲಿ ಲೆಕ್ಕ ತಪ್ಪುತ್ತಿತ್ತು.
ಚಳಿ ಒಂದು,
ತಗಡಿನ ಮೇಲೆ ದಿನವಿಡೀ ಸುರಿಯುವ ಸದ್ದು ಇನ್ನೊಂದು.
ಅದನ್ನು ಕೇಳುತ್ತಾ ಯಾರಿಗೆ ತಾನೆ ಅವಸರವಾಗುವುದಿಲ್ಲ?
ಒಂದು ದಿನ ಬೆಂಚಿನಿಂದ ನೆಲಕ್ಕೆ
ನನ್ನ ಲೆಕ್ಕವೆಲ್ಲ ಹರಿದುಹೋಯಿತು.
ಮುಂದಿನ ಸಾಲಿನವರು ಕಾಲು ಎತ್ತಿಕೊಂಡರು.
ಟೀಚರು ಬೋರ್ಡಿನ ಕಡೆ ತಿರುಗಿ
ಒರೆಸಿದ್ದನ್ನೇ ಒರೆಸಿದರು.

ಬಂದವಳು ಬಿಸಿಯೂಟದ ಪೂವಕ್ಕ,
ಕೈಯಲ್ಲಿ ಈರುಳ್ಳಿ ವಾಸನೆ.
‘ಎತ್ತಲಾ?’ ಅಂದಳು.
ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ
ಎಷ್ಟೋ ಕೈಗಳು ನನ್ನನ್ನು ಎತ್ತಿದ್ದವು,
ಕಾಫಿ ಮೂಟೆಯಂತೆ, ಪುಣ್ಯದಂತೆ.
ಕೇಳಿ ಎತ್ತಿದ್ದು ಇವಳೊಬ್ಬಳೇ.

ಆಮೇಲೆ ಅವಳು
ಕಾಲು ಮುರಿದ ಮೇಷ್ಟ್ರ ಕುರ್ಚಿಯನ್ನು ಹೊತ್ತೊಯ್ದು
ಆಚಾರಿ ಕುಂಞಂಬುವಿನಿಂದ ನಡುವೆ ತೂತು ಕೊರೆಸಿ ತಂದಳು.
ಸರ್ಕಾರಿ ಸಾಮಾನು ಕೆಡಿಸಿದ್ದಕ್ಕೆ ಹೆಡ್ಮಾಸ್ಟರು ನೋಟೀಸು ಕೊಟ್ಟರು;
ಓದಲು ಬಾರದ ಅವಳು ಅದನ್ನು ನಾಲ್ಕಾಗಿ ಮಡಚಿ
ಕುರ್ಚಿಯ ಕುಂಟುಕಾಲಿನ ಅಡಿಗಿಟ್ಟಳು.

ಒಂದು, ಎರಡು, ಹೂಂ.
ನನ್ನ ಕೈ ಅವಳ ಕುತ್ತಿಗೆಗೆ,
ಅವಳ ಮೊಣಕಾಲು ನನ್ನ ಮೊಣಕಾಲಿಗೆ ಆನಿಸಿ
ತಿರುಗಿಸಿ ಕೂರಿಸಿ,
ತಾನು ಕಿಂಡಿಯ ಕಡೆ ಮುಖ ಮಾಡಿ ಹೊರಗಿನದನ್ನು ಹೇಳುವಳು:
‘ಪೋಸ್ಟಿನವನ ಕೊಡೆ ಗಾಳಿಗೆ ಮಗುಚಿತು.
ಸಿಲ್ವರ್ ಓಕಿನಲ್ಲಿ ಮಂಗ ಮೆಣಸಿನ ಬಳ್ಳಿ ಜಗ್ಗುತ್ತಿದೆ.
ತೋಟದ ಜೀಪು ಹೂತಿದೆ, ಮೂವರು ತಳ್ಳುತ್ತಿದ್ದಾರೆ,
ಒಬ್ಬ ಬೈಯುತ್ತಿದ್ದಾನೆ.’
ಮುಗಿಯಿತು ಎಂದು ನಾನು ಹೇಳುವವರೆಗೆ
ಲೋಕ ನಡೆಯುತ್ತಲೇ ಇರುತ್ತಿತ್ತು.

ಕಕ್ಕಡ ಹದಿನೆಂಟರ ಮರುದಿನ
ಮದ್ದುಸೊಪ್ಪಿನ ಪಾಯಸ ಉಂಡ ಹುಡುಗರು
ಉಚ್ಚೆ ಕೆಂಪಾಯಿತು, ಮದ್ದು ಹಿಡಿಯಿತು ಎಂದು
ಬಯಲಿಡೀ ಕೂಗುತ್ತಾ ಓಡುತ್ತಿದ್ದರು.
ಪೂವಕ್ಕ ನನಗೂ ಡಬ್ಬಿಯಲ್ಲಿ ತಂದಿದ್ದಳು.
ಅವತ್ತು ಮಾತ್ರ ಕಿಂಡಿಯಿಂದ ತಿರುಗಿ
‘ನೋಡಲಾ?’ ಎಂದು ಕೇಳಿ, ನೋಡಿ,
‘ಅವರದ್ದಕ್ಕಿಂತ ಕೆಂಪು!’ ಎಂದಳು.
ಆ ಕೋಣೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಈಗ ನಾನು ತಾಲ್ಲೂಕು ಪಂಚಾಯಿತಿಯಲ್ಲಿ ಎಸ್‌ಡಿಎ.
ನಮ್ಮಲ್ಲೂ ಇದೆ, ಗಾಲಿಕುರ್ಚಿಯ ಚಿತ್ರ ಬರೆದ ಬಾಗಿಲು;
ಒಳಗೆ ಫಿನಾಯಿಲ್ ಕ್ಯಾನು, ಹಳೇ ಬ್ಯಾನರು, ಧ್ವಜದ ಕೋಲು.
ಬೀಗದ ಕೈ ಯಾರಲ್ಲಿದೆಯೋ.
ಕಾಫಿ ಇನ್ನೂ ಅರ್ಧ ಲೋಟವೇ.

ಪೂವಕ್ಕನ ಸೊಂಟ ಮುರಿದು ತಿಂಗಳಾಯಿತೆಂದು ಕೇಳಿ ಹೋದೆ.
ಮಂಚದ ಪಕ್ಕ ತುಂಬಿದ ಲೋಟ,
ನೀರಿನ ಮೇಲೆ ಒಂದು ಇರುವೆ.
ಯಾಕೆ ಕುಡಿದಿಲ್ಲ ಎಂದು ನಾನು ಕೇಳಲಿಲ್ಲ.
ಮೊಮ್ಮಗ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದ:
‘ಅಜ್ಜಿಗೆ ನಾಚಿಕೆ. ನನಗೂ.’
ನನ್ನ ಕೈಗೆ ಬಲವಿಲ್ಲ, ಬಾಯಿಗಿದೆ.
ಮೊದಲು ಕೇಳು, ಅಂದೆ. ಮೊಣಕಾಲು ಇಲ್ಲಿ.
ಜಗ್ಗಬೇಡ, ಅವರೇ ನಿನ್ನ ಕಡೆ ವಾಲಲಿ.
ಒಂದು, ಎರಡು —
‘ಹೂಂ’ ಅಂದದ್ದು ಪೂವಕ್ಕ.

ನಾನು ಗಾಲಿ ತಿರುಗಿಸಿ ಕಿಟಕಿಗೆ ಮುಖ ಕೊಟ್ಟೆ.
ಹೊರಗೆ ಏನೂ ಇರಲಿಲ್ಲ, ಬರೀ ಮಂಜು.
‘ಪೋಸ್ಟಿನವನು ಬರುತ್ತಿದ್ದಾನೆ’ ಅಂದೆ.
‘ಸುಳ್ಳು,’ ಬೆನ್ನ ಹಿಂದಿನಿಂದ ಅವಳು,
‘ಅವನು ಸತ್ತು ಆರು ವರ್ಷ.’
ಆಮೇಲೆ ಸದ್ದು,
ತಗಡಿನ ಮೇಲೆ ಮೊದಲ ಹನಿಗಳು ಬಿದ್ದ ಹಾಗೆ.

ನನ್ನ ಚೀಲದಲ್ಲಿ ಪಾಯಸದ ಡಬ್ಬಿ ಇನ್ನೂ ಬಿಸಿಯಿತ್ತು.
ನಾಳೆ ಫೋನು ಮಾಡಿ
ಬಣ್ಣ ಕೇಳಬೇಕು.